ಚೀಲದಲ್ಲಿ ಸಿಕ್ಕ ಮಾಂಸ ಜಿಂಕೆಯದೇ? ಕಾಡುಪ್ರಾಣಿ ಮಾಂಸದ ಕೇಸು ಕೋರ್ಟಿನಲ್ಲಿ ನಿಲ್ಲುವುದು, ಬೀಳುವುದು ಹೇಗೆ

'ಜಿಂಕೆ ಮಾಂಸ ಸಾಗಣೆ: ಇಬ್ಬರ ಬಂಧನ'. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಥ ನಾಲ್ಕು ಸಾಲಿನ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಜತೆಗೊಂದು ಫೋಟೊ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಂಸದ ರಾಶಿ, ಪಕ್ಕದಲ್ಲಿ ನಾಡಬಂದೂಕು, ಒಂದು ಬೈಕು, ಹಿಂದೆ ಸಾಲಾಗಿ ನಿಂತ ಅರಣ್ಯ ಸಿಬ್ಬಂದಿ, ಮುಖ ಮುಚ್ಚಿಕೊಂಡ ಆರೋಪಿಗಳು. ಓದುಗರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಇಬ್ಬರಿಗೆ ಶಿಕ್ಷೆ ಆಯಿತೇ, ಬಿಡುಗಡೆಯಾಯಿತೇ ಎಂಬ ಸುದ್ದಿ ಐದಾರು ವರ್ಷದ ನಂತರ ಬರುವುದು ಅಪರೂಪ.

ಬಂದರೂ ಹಲವು ಸಲ 'ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆ' ಎಂದೇ ಇರುತ್ತದೆ. ಮಾಂಸದ ಸಮೇತ ಸಿಕ್ಕಿಬಿದ್ದವರು ಖುಲಾಸೆ ಆಗುವುದಾದರೂ ಹೇಗೆ? ಉತ್ತರ ಇರುವುದು ಕಾಯ್ದೆಯಲ್ಲಿ, ಪ್ರಯೋಗಾಲಯದಲ್ಲಿ ಮತ್ತು ಕೋರ್ಟಿನ ಕ್ಯಾಲೆಂಡರಿನಲ್ಲಿ.

ಸಾರಿನ ಪಾತ್ರೆಯೂ ಕಾಯ್ದೆಯ ವ್ಯಾಪ್ತಿಯಲ್ಲೇ

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ 'ಮಾಂಸ' ಎಂಬ ಪದಕ್ಕೇ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. ರಕ್ತ, ಮೂಳೆ, ನರ, ಮೊಟ್ಟೆ, ಚಿಪ್ಪು, ಕೊಬ್ಬು ಎಲ್ಲವೂ ಅದರಲ್ಲಿ ಸೇರುತ್ತವೆ. ಚರ್ಮ ಇರಲಿ ಇಲ್ಲದಿರಲಿ, ಹಸಿಯಾಗಿರಲಿ ಬೇಯಿಸಿದ್ದಾಗಿರಲಿ, ಲೆಕ್ಕ ಒಂದೇ. ಒಲೆಯ ಮೇಲೆ ಕುದಿಯುತ್ತಿರುವ ಸಾರು ಕೂಡ ಕಾಯ್ದೆಯ ಕಣ್ಣಿನಲ್ಲಿ 'ಮಾಂಸ'ವೇ.

ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಸೆಕ್ಷನ್ 39. ಅದರ ಪ್ರಕಾರ ಕಾನೂನು ಮೀರಿ ಕೊಂದ ಕಾಡುಪ್ರಾಣಿಯೂ ಅದರ ಮಾಂಸವೂ ಸರ್ಕಾರದ ಆಸ್ತಿ. ಅಂಥ ಆಸ್ತಿ ಯಾವುದೇ ರೀತಿಯಲ್ಲಿ ಕೈಸೇರಿದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ನಾಶಪಡಿಸುವಂತೆಯೂ ಇಲ್ಲ. ಸೆಕ್ಷನ್ 49 ಕೊಳ್ಳುವವರನ್ನು ಹಿಡಿಯುತ್ತದೆ. ಅಧಿಕಾರವಿಲ್ಲದವರಿಂದ ಕಾಡುಪ್ರಾಣಿಯ ಮಾಂಸ ಖರೀದಿಸುವುದಷ್ಟೇ ಅಲ್ಲ, ಸ್ವೀಕರಿಸುವುದೂ ತಪ್ಪು. 'ನಾನು ದುಡ್ಡು ಕೊಟ್ಟಿಲ್ಲ, ನೆಂಟರು ಕೊಟ್ಟರು' ಎಂಬ ಮಾತಿಗೆ ಇಲ್ಲಿ ಜಾಗ ಇಲ್ಲ.

ಹೋಟೆಲ್, ರೆಸಾರ್ಟ್, ಹೋಮ್‌ಸ್ಟೇ ನಡೆಸುವವರಿಗೆ ಸೆಕ್ಷನ್ 44 ಮತ್ತು 49ಬಿ ಇವೆ. ತಿನಿಸು ಮಾರುವ ಜಾಗದಲ್ಲಿ ಇಂಥ ಮಾಂಸ ಬೇಯಿಸುವುದೂ ಬಡಿಸುವುದೂ ಅಪರಾಧ. 'ತಿನಿಸುಮನೆ' ಎಂದರೆ ಏನು ಎಂಬುದನ್ನು ಬಿಡಿಸಿ ಹೇಳುವ ವಿವರಣೆ ಕುತೂಹಲಕರವಾಗಿದೆ. ಊಟಕ್ಕೆ ಬೇರೆ ದುಡ್ಡು ತೆಗೆದುಕೊಳ್ಳದೆ ವಸತಿಯ ಬಾಡಿಗೆಯಲ್ಲೇ ಸೇರಿಸಿದ್ದರೂ ಅದು ತಿನಿಸುಮನೆಯೇ. ಹೋಮ್‌ಸ್ಟೇ ಎಂಬ ಪದ ನಮ್ಮ ಬಾಯಿಗೆ ಬರುವ ಎಷ್ಟೋ ಮೊದಲೇ ಕಾಯ್ದೆ ಬರೆದವರು ಆ ಕಿಂಡಿಯನ್ನು ಮುಚ್ಚಿದ್ದರು. ಪುಣೆಯಿಂದಲೋ ಚೆನ್ನೈನಿಂದಲೋ ರಜೆಗೆ ಮಲೆನಾಡಿಗೆ ಬಂದವರ ಕಿವಿಯಲ್ಲಿ 'ಕಾಡು ಐಟಂ ಇದೆ ಸರ್' ಎಂದು ಪಿಸುಗುಟ್ಟುವ ಅಡುಗೆಯವರೂ ಅವರ ಮಾಲೀಕರೂ ನಿಲ್ಲುವುದು ಈ ಸೆಕ್ಷನ್ನಿನ ಎದುರು.

ಕೊಡಗಿನ ವಿಷಯ ಬಂದಾಗಲೆಲ್ಲ ಒಂದು ಗೊಂದಲ ಎದುರಾಗುತ್ತದೆ. ಕೋವಿ ಇಟ್ಟುಕೊಳ್ಳಲು ಅಲ್ಲಿನವರಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಅದನ್ನು ವಿಸ್ತರಿಸಲಾಗಿದೆ. ಆ ವಿನಾಯಿತಿಗೂ ಬೇಟೆಗೂ ಸಂಬಂಧ ಇಲ್ಲ.

ಯಾವ ಪ್ರಾಣಿ ಎಂಬುದರ ಮೇಲೆ ಶಿಕ್ಷೆ

2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಆರು ಇದ್ದ ಪರಿಚ್ಛೇದಗಳು ನಾಲ್ಕಾದವು. ಕಾಡುಕೋಣ, ಚಿಪ್ಪುಹಂದಿ, ಉಡ, ನವಿಲು, ಕೃಷ್ಣಮೃಗ ಒಂದನೇ ಪರಿಚ್ಛೇದದಲ್ಲಿವೆ. ಇವುಗಳ ಮಾಂಸದ ಪ್ರಕರಣದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜತೆಗೆ ಕನಿಷ್ಠ 25,000 ರೂಪಾಯಿ ದಂಡ. ಚುಕ್ಕಿ ಜಿಂಕೆ, ಕಾಡುಹಂದಿ, ಮೊಲ ಎರಡನೇ ಪರಿಚ್ಛೇದದಲ್ಲಿವೆ. ಇಲ್ಲಿ ಕನಿಷ್ಠ ಶಿಕ್ಷೆ ಎಂಬುದಿಲ್ಲ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ಅದೇ ಮೊಲವನ್ನು ಅಭಯಾರಣ್ಯದ ಅಥವಾ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಹೊಡೆದಿದ್ದರೆ ಮೂರರಿಂದ ಏಳು ವರ್ಷದ ಕಲಂ ಬೀಳುತ್ತದೆ. ಕಾಫಿ ತೋಟದ ಬೇಲಿಯ ಈಚೆ ಒಂದು ಶಿಕ್ಷೆ, ಆಚೆ ಇನ್ನೊಂದು. ಹೀಗಾಗಿ ಪ್ರಾಣಿ ಎಲ್ಲಿ ಸತ್ತಿತು ಎಂಬುದನ್ನು ಜಿಪಿಎಸ್ ಗುರುತಿನೊಂದಿಗೆ ಮಹಜರಿನಲ್ಲಿ ಬರೆಯುವುದು ಪ್ರಕರಣದ ತೂಕವನ್ನೇ ಬದಲಿಸಬಲ್ಲದು.

ಅಪರಾಧ ನಡೆದ ದಿನ ಯಾವ ಕಾನೂನು ಇತ್ತೋ ಅದರ ಪ್ರಕಾರವೇ ಶಿಕ್ಷೆ. 2023ರ ಮಾರ್ಚ್‌ನಲ್ಲಿ ಜಿಂಕೆ ಮಾಂಸದೊಂದಿಗೆ ಸಿಕ್ಕವರಿಗೆ ಹಳೆಯ ಮಿತಿ, ಅಂದರೆ 25,000 ರೂಪಾಯಿವರೆಗಿನ ದಂಡವೇ ಅನ್ವಯಿಸುತ್ತದೆ. ಕನಿಷ್ಠ ಶಿಕ್ಷೆ ಇಲ್ಲದ ಪ್ರಕರಣಗಳನ್ನು ಇಲಾಖೆಯೇ ಹಣ ಕಟ್ಟಿಸಿಕೊಂಡು ರಾಜಿಯಲ್ಲಿ ಮುಗಿಸಲೂ ಕಾಯ್ದೆ ಅವಕಾಶ ಕೊಟ್ಟಿದೆ. ಆ ಮೊತ್ತದ ಮಿತಿಯನ್ನು 25,000ದಿಂದ 5 ಲಕ್ಷ ರೂಪಾಯಿಗೆ ಏರಿಸಲಾಗಿದೆ.

ಮಾಂಸಕ್ಕೆ ಮುಖ ಇಲ್ಲ

ಎಲ್ಲ ಶಿಕ್ಷೆಯೂ ಪ್ರಾಣಿ ಯಾವುದು ಎಂಬುದರ ಮೇಲೆ ನಿಂತಿದೆ ಎಂದಾದಾಗ ಕೋರ್ಟಿನ ಮೊದಲ ಪ್ರಶ್ನೆ ಸಹಜವಾಗಿಯೇ ಇದು: ಈ ಮಾಂಸ ಯಾವುದರದ್ದು? ತಲೆ, ಕೊಂಬು, ಗೊರಸು, ಚರ್ಮ ಸಿಕ್ಕಿದ್ದರೆ ಕೆಲಸ ಸುಲಭ. ಪಶುವೈದ್ಯರು ನೋಡಿದ ಕೂಡಲೇ ಹೇಳಬಲ್ಲರು. ವ್ಯಾಪಾರ ಬಲ್ಲವರು ಅವನ್ನು ಕಾಡಿನಲ್ಲೇ ಹೂತು, ತುಂಡು ಮಾಡಿದ ಮಾಂಸವನ್ನು ಮಾತ್ರ ಚೀಲಕ್ಕೆ ತುಂಬುತ್ತಾರೆ. ಆಗ 'ಇದು ಕುರಿ ಮಾಂಸ', 'ಇದು ಸಾಕಿದ ಹಂದಿ' ಎಂಬ ವಾದ ಬರುತ್ತದೆ. ನೋಡಿದರೆ ಜಿಂಕೆಯಂತಿತ್ತು ಎಂಬ ಗಾರ್ಡ್ ಹೇಳಿಕೆ ಪಾಟಿ ಸವಾಲಿನಲ್ಲಿ ಉಳಿಯುವುದಿಲ್ಲ.

ಇಲ್ಲಿಗೆ ಬರುವುದು ಡಿಎನ್‌ಎ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಬಿ ಮೊದಲಾದ ಜೀನ್‌ಗಳ ಸಣ್ಣ ತುಣುಕನ್ನು ಓದಿ, ಗೊತ್ತಿರುವ ಪ್ರಭೇದಗಳ ಮಾದರಿಯೊಂದಿಗೆ ಹೋಲಿಸಿ, ಇದು ಚುಕ್ಕಿ ಜಿಂಕೆ, ಇದು ಕುರಿ ಎಂದು ಹೇಳಲಾಗುತ್ತದೆ. ಪ್ರತಿ ಕೋಶದಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ಪ್ರತಿಗಳು ನೂರಾರು ಇರುವುದರಿಂದ ಬೇಯಿಸಿದ, ಒಣಗಿಸಿದ ಮಾಂಸದಲ್ಲೂ ಓದಲು ಸಾಕಾಗುವಷ್ಟು ಉಳಿದಿರುತ್ತದೆ. ಹೈದರಾಬಾದ್‌ನ ಸಿಸಿಎಂಬಿಗೆ ಸೇರಿದ ಲಾಕೋನ್ಸ್ ಪ್ರಯೋಗಾಲಯ ಮತ್ತು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಈ ಕೆಲಸಕ್ಕೆ ದೇಶದಲ್ಲೇ ಹೆಸರಾದವು.

ಕಾಡುಹಂದಿಯ ವಿಷಯದಲ್ಲಿ ಮಾತ್ರ ವಿಜ್ಞಾನವೇ ಸ್ವಲ್ಪ ತಡವರಿಸುತ್ತದೆ. ಕಾಡುಹಂದಿಯೂ ಸಾಕುಹಂದಿಯೂ ಒಂದೇ ಪ್ರಭೇದ. ಸಾಕಿದ್ದು ಕಾಡಿನದ್ದರ ಸಂತತಿಯೇ. ಹಾಗಾಗಿ ಪ್ರಭೇದ ಹೇಳುವ ಸಾಮಾನ್ಯ ಪರೀಕ್ಷೆ 'ಹಂದಿ' ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಮೈಬಣ್ಣಕ್ಕೆ ಸಂಬಂಧಿಸಿದ ಜೀನ್, ಕೋಶಕೇಂದ್ರದ ಇತರ ಗುರುತುಗಳನ್ನು ನೋಡುವ ಹೆಚ್ಚುವರಿ ಪರೀಕ್ಷೆ ಬೇಕು. ಊರಹಂದಿ, ಕಾಡುಹಂದಿ ಬೆರಕೆಯಾಗಿರುವ ಕಡೆ ಅದೂ ಕಷ್ಟ. ದಕ್ಷಿಣದಲ್ಲಿ ಮಾಂಸಕ್ಕಾಗಿ ಹೆಚ್ಚು ಬೇಟೆಯಾಗುವ ಪ್ರಾಣಿಗಳಲ್ಲಿ ಕಾಡುಹಂದಿಯೂ ಒಂದು ಎಂಬುದನ್ನು ನೆನೆದರೆ ಇದು ಸಣ್ಣ ಅಡಚಣೆಯಲ್ಲ.

ಪ್ರಯೋಗಾಲಯ ಎಷ್ಟೇ ಚೆನ್ನಾಗಿದ್ದರೂ ಕೈಗೆ ಬಂದ ಮಾದರಿ ಕೆಟ್ಟಿದ್ದರೆ ಏನೂ ಮಾಡಲಾಗದು. ಹಳೆಯ ಅಭ್ಯಾಸದಂತೆ ಮಾಂಸವನ್ನು ಫಾರ್ಮಾಲಿನ್‌ಗೆ ಹಾಕಿದರೆ ಡಿಎನ್‌ಎ ಹಾಳಾಗುತ್ತದೆ. ಶುದ್ಧ ಆಲ್ಕೊಹಾಲ್‌ನಲ್ಲಿ ಇಡಬೇಕು ಅಥವಾ ಫ್ರೀಜ್ ಮಾಡಬೇಕು. ನಾಲ್ಕು ಚೀಲ ಸಿಕ್ಕರೆ ನಾಲ್ಕರಿಂದಲೂ ಪ್ರತ್ಯೇಕ ಮಾದರಿ ತೆಗೆಯಬೇಕು. ಒಂದರಲ್ಲಿ ಜಿಂಕೆ, ಇನ್ನೊಂದರಲ್ಲಿ ಕಾಡುಕೋಣ ಇರಬಹುದು. ಒಂದೇ ಚಾಕುವಿನಿಂದ ಎಲ್ಲವನ್ನೂ ಕತ್ತರಿಸಿದರೆ ಒಂದರದ್ದು ಇನ್ನೊಂದಕ್ಕೆ ಅಂಟಿ ವರದಿ ಗೋಜಲಾಗುತ್ತದೆ.

ಇಷ್ಟಾದ ಮೇಲೆ ಸೀಲು. ಮಾದರಿಯ ಬಾಟಲಿ ಯಾರ ಎದುರು ಸೀಲಾಯಿತು, ಎಲ್ಲಿ ಇಟ್ಟಿದ್ದರು, ಯಾರ ಕೈಯಲ್ಲಿ ಹೈದರಾಬಾದಿಗೆ ಹೋಯಿತು, ತಲುಪಿದಾಗ ಸೀಲು ಹಾಗೇ ಇತ್ತೇ? ಈ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೂ ಸಾಕು, ಪರೀಕ್ಷೆ ಮಾಡಿದ ಮಾಂಸವೇ ಆರೋಪಿಯ ಚೀಲದಲ್ಲಿದ್ದ ಮಾಂಸ ಎಂದು ಹೇಳಲಾಗದು. ಉಳಿದ ಮಾಂಸ ಕೊಳೆಯುವ ವಸ್ತು, ಅದನ್ನು ಕೇಸು ಮುಗಿಯುವವರೆಗೆ ಇಡಲಾಗದು. ಮಾದರಿ ತೆಗೆದು, ತೂಕ, ಫೋಟೊ ದಾಖಲಿಸಿ, ನಿಯಮದಂತೆ ವಿಲೇವಾರಿ ಮಾಡಬೇಕು. ವಿಲೇವಾರಿಯ ಕಾಗದ ಸರಿಯಿಲ್ಲದಿದ್ದರೆ ಅದೇ ಆರೋಪಿಯ ವಕೀಲರ ಮೊದಲ ಪ್ರಶ್ನೆ.

ಹಾಗಾದರೆ ಸಾಬೀತುಪಡಿಸುವ ಹೊಣೆ ಯಾರದ್ದು? ಸೆಕ್ಷನ್ 57ರ ಪ್ರಕಾರ ಮಾಂಸ ಒಬ್ಬರ ವಶದಲ್ಲಿತ್ತು ಎಂದು ಸಾಬೀತಾದರೆ ಅದು ಅಕ್ರಮವೆಂದೇ ಕೋರ್ಟು ಭಾವಿಸುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದ್ದು. ಕೇಳಲು ಬಹಳ ಕಠಿಣ. ಆದರೆ ಅದಕ್ಕೂ ಮೊದಲು ಎರಡು ಮೆಟ್ಟಿಲನ್ನು ಇಲಾಖೆ ತಾನೇ ಹತ್ತಬೇಕು. ಅದು ಕಾಡುಪ್ರಾಣಿಯ ಮಾಂಸವೇ ಎಂದು ತೋರಿಸಬೇಕು, ಅದು ಇದೇ ವ್ಯಕ್ತಿಯ ವಶದಲ್ಲಿತ್ತು ಎಂದು ತೋರಿಸಬೇಕು. ಬಹಳಷ್ಟು ಕೇಸುಗಳು ಎಡವುವುದು ಈ ಎರಡು ಮೆಟ್ಟಿಲಲ್ಲೇ.

ಚಾರ್ಜ್‌ಶೀಟ್ ಅಲ್ಲ, ದೂರು

ಪೊಲೀಸ್ ಕೇಸುಗಳಿಗಿಂತ ಇದು ಬೇರೆಯಾಗುವುದು ಸೆಕ್ಷನ್ 55ರಿಂದ. ವನ್ಯಜೀವಿ ಅಪರಾಧವನ್ನು ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಅಧಿಕಾರ ಪಡೆದ ಅಧಿಕಾರಿಯೇ ಲಿಖಿತ ದೂರು ಸಲ್ಲಿಸಬೇಕು. ಪೊಲೀಸರು ಎಫ್‌ಐಆರ್ ಹಾಕಿ ತನಿಖೆ ಮಾಡಿ ಬರೀ ಚಾರ್ಜ್‌ಶೀಟ್ ಸಲ್ಲಿಸಿದರೆ ಈ ಕಾಯ್ದೆಯ ಮಟ್ಟಿಗೆ ಅದು ಸಾಲದು. ಮಾಂಸ, ಬಂದೂಕು, ಆರೋಪಿ ಎಲ್ಲ ಸರಿಯಿದ್ದು ಕಾಗದದ ಹೆಸರು ತಪ್ಪಿದ್ದಕ್ಕೇ ಕೇಸು ಬಿದ್ದುಹೋಗುವುದು ಇಲ್ಲಿ ಸಾಧ್ಯ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರಿಗೆ ಮೂರು ವರ್ಷದ ಕಾಲಮಿತಿಯೂ ಇದೆ. ಡಿಎನ್‌ಎ ವರದಿಗೆ ಕಾಯುತ್ತ ಕುಳಿತರೆ ಆ ಗಡುವೇ ಮೀರಬಹುದು.

ದೂರಿನ ಮೇಲೆ ನಡೆಯುವ ವಾರಂಟ್ ಪ್ರಕರಣಗಳಲ್ಲಿ ಇನ್ನೊಂದು ಸುತ್ತು ಹೆಚ್ಚಿದೆ. ಆರೋಪ ಹೊರಿಸುವ ಮೊದಲೇ ಸಾಕ್ಷಿಗಳನ್ನು ಕರೆಸಿ ಹೇಳಿಕೆ ಪಡೆಯಬೇಕು. ಆರೋಪ ಹೊರಿಸಿದ ಮೇಲೆ ಪಾಟಿ ಸವಾಲಿಗೆ ಅವರನ್ನೇ ಮತ್ತೆ ಕರೆಸಬಹುದು. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ವರ್ಷಗಳೇ ಉರುಳಿದರೆ ವಲಯ ಅರಣ್ಯಾಧಿಕಾರಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ, ವಾಚರ್ ಕೆಲಸ ಬಿಟ್ಟಿರುತ್ತಾರೆ. ಮಹಜರಿಗೆ ಸಹಿ ಹಾಕಿದ ಪಂಚರು ಆರೋಪಿಯ ಊರಿನವರೇ, ಕೆಲವೊಮ್ಮೆ ನೆಂಟರೇ. 'ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಸ್ವಾಮಿ' ಎಂದುಬಿಟ್ಟರೆ ಮುಗಿಯಿತು.

ಇದಕ್ಕೆ ಕಾಯ್ದೆಯೇ ಒಂದು ಮದ್ದು ಇಟ್ಟಿದೆ. ಸೆಕ್ಷನ್ 50ರಡಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಸಾಕ್ಷ್ಯ ದಾಖಲಿಸಬಹುದು. ಆರೋಪಿಯ ಎದುರೇ ದಾಖಲಿಸಿದ್ದರೆ ಅದನ್ನು ಮುಂದೆ ಮ್ಯಾಜಿಸ್ಟ್ರೇಟ್ ಮುಂದೆ ಬಳಸಬಹುದು. ಪೊಲೀಸರಿಗೂ ಇಲ್ಲದ ಅಧಿಕಾರ ಇದು. ಆದರೆ ಆರೋಪಿ ಎದುರಿಗಿಲ್ಲದೆ ಕಚೇರಿಯಲ್ಲಿ ಬರೆದುಕೊಂಡ ಹೇಳಿಕೆಗೆ ಆ ಬೆಲೆ ಇರುವುದಿಲ್ಲ.

ವಿಜ್ಞಾನಿಗಳ ಸಾಕ್ಷ್ಯದ್ದು ಇನ್ನೊಂದು ಕಥೆ. ಕೆಲವು ಸರ್ಕಾರಿ ತಜ್ಞರ ವರದಿಯನ್ನು ಅವರು ಖುದ್ದಾಗಿ ಬಾರದೆಯೂ ಕೋರ್ಟು ಸ್ವೀಕರಿಸಬಹುದು. ವಿಧಿವಿಜ್ಞಾನ ಪ್ರಯೋಗಾಲಯಗಳ ನಿರ್ದೇಶಕರು, ಮುಂಬೈನ ಹಾಫ್‌ಕಿನ್ ಸಂಸ್ಥೆಯ ನಿರ್ದೇಶಕರು ಆ ಪಟ್ಟಿಯಲ್ಲಿದ್ದಾರೆ. ಪಟ್ಟಿಯಲ್ಲಿ ಇಲ್ಲದವರು, ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸದವರು ಸಾಕ್ಷಿಕಟ್ಟೆ ಹತ್ತಬೇಕಾಗುತ್ತದೆ. ದೂರದ ತಾಲ್ಲೂಕು ಕೋರ್ಟಿಗೆ ಎರಡು ಕಿಲೋ ಮಾಂಸದ ಕೇಸಿಗಾಗಿ ಬಂದು, ವಕೀಲರು ಗೈರು ಎಂದು ವಾಪಸು ಹೋಗುವ ವಿಜ್ಞಾನಿಯ ಪಾಡನ್ನು ಊಹಿಸಿಕೊಳ್ಳಬಹುದು.

ಇಪ್ಪತ್ತು ವರ್ಷದ ಕೇಸು

ದೇಶಕ್ಕೆಲ್ಲ ಗೊತ್ತಿರುವ ಪ್ರಕರಣ ಸಲ್ಮಾನ್ ಖಾನ್ ಅವರದ್ದು. ಅದು ಮಾಂಸದ ವ್ಯಾಪಾರದ ಕೇಸಲ್ಲ, ಶಿಕಾರಿಯ ಕೇಸು. ಆದರೂ ವಿಚಾರಣೆ ಹೇಗೆ ಸಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1998ರ ಅಕ್ಟೋಬರ್‌ನಲ್ಲಿ ಜೋಧಪುರ ಬಳಿಯ ಕಂಕಾಣಿಯಲ್ಲಿ ಎರಡು ಕೃಷ್ಣಮೃಗ ಸತ್ತವು. ಜೋಧಪುರದ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಕೋರ್ಟು ನಟನಿಗೆ ಐದು ವರ್ಷ ಶಿಕ್ಷೆ ವಿಧಿಸಿದ್ದು 2018ರ ಏಪ್ರಿಲ್ 5ರಂದು. ಜತೆಗಿದ್ದ ಇತರ ತಾರೆಯರು ಖುಲಾಸೆಯಾದರು. ಎರಡು ದಿನದಲ್ಲಿ ಜಾಮೀನು ಸಿಕ್ಕಿತು, ಮೇಲ್ಮನವಿ ಶುರುವಾಯಿತು. ಅದೇ ಕಾಲದ ಚಿಂಕಾರ ಪ್ರಕರಣಗಳಲ್ಲಿ ಕೆಳಗಿನ ಕೋರ್ಟು 2006ರಲ್ಲಿ ಕೊಟ್ಟ ಶಿಕ್ಷೆಯನ್ನು ರಾಜಸ್ಥಾನ ಹೈಕೋರ್ಟ್ 2016ರಲ್ಲಿ ರದ್ದು ಮಾಡಿತು.

ಕೃಷ್ಣಮೃಗದ ಕೇಸಿನಲ್ಲಿ ಮೊದಲ ಮರಣೋತ್ತರ ಪರೀಕ್ಷೆಗೂ ಎರಡನೆಯದಕ್ಕೂ ತಾಳೆಯಾಗದ್ದು ಆರೋಪಿ ಪರ ವಾದಕ್ಕೆ ಆಸರೆಯಾಗಿತ್ತು. ಕೇಸು ಉಳಿದದ್ದು ಬಿಷ್ಣೋಯಿ ಸಮುದಾಯದ ಸಾಕ್ಷಿಗಳಿಂದ. ಎರಡು ದಶಕ ಕಳೆದರೂ ಅವರು ಮಾತು ಬದಲಿಸಲಿಲ್ಲ. ಪ್ರಾಣಿಯನ್ನು ತಮ್ಮದೆಂದು ಭಾವಿಸುವ ಊರು ಬೆನ್ನಿಗಿದ್ದರೆ ಆಗುವ ವ್ಯತ್ಯಾಸ ಇದು. ಎಲ್ಲ ಕಡೆಯೂ ಅಂಥ ಊರು ಸಿಗುವುದಿಲ್ಲ. 2005ರ ಜೂನ್‌ನಲ್ಲಿ ಹರಿಯಾಣದ ಝಜ್ಜರ್‌ನಲ್ಲಿ ಕೃಷ್ಣಮೃಗ, ಮೊಲಗಳ ಕಳೇಬರದೊಂದಿಗೆ ಸಿಕ್ಕಿಬಿದ್ದ ಪ್ರಕರಣದಲ್ಲಿ ಆರೋಪಿಯಾಗಿದ್ದ ಮಾಜಿ ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ 2011ರಲ್ಲಿ ನಿಧನರಾದಾಗಲೂ ಕೇಸು ಮುಗಿದಿರಲಿಲ್ಲ.

ಬಲೆಗೆ ಬೀಳುವವರು, ಬೀಳದವರು

ಹೆಸರಾಂತರ ಕೇಸುಗಳು ಸುದ್ದಿಯಾಗುತ್ತವೆ. ಜೈಲು ಸೇರುವುದು ಹೆಚ್ಚಾಗಿ ಕಾಡಂಚಿನ ಕೂಲಿಗಳು, ಉರುಳು ಹಾಕುವವರು. ಜಾಮೀನಿನ ಷರತ್ತು ಬಿಗಿಯಾಗಿರುವ ಒಂದನೇ ಪರಿಚ್ಛೇದದ ಕೇಸಿನಲ್ಲಿ ವಕೀಲರಿಗೆ ಕೊಡಲು ದುಡ್ಡಿಲ್ಲದವರು ವಿಚಾರಣೆಗೂ ಮುನ್ನವೇ ತಿಂಗಳುಗಟ್ಟಲೆ ಒಳಗಿರುತ್ತಾರೆ. ಎರಡನೇ ಪರಿಚ್ಛೇದದ ಸಣ್ಣ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬರುವುದೇ ಅಗ್ಗ ಎಂಬ ಲೆಕ್ಕ ಇರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೆ ಸಾಂಪ್ರದಾಯಿಕ ಹಕ್ಕುಗಳನ್ನು ಕೊಟ್ಟರೂ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ವನ್ಯಜೀವಿ ಕಾಯ್ದೆ ಬೇಟೆಯ ಹಕ್ಕನ್ನು ಮುಟ್ಟದೆ ಉಳಿಸಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ. ಹೊಟ್ಟೆಗಾಗಿ ಮೊಲ ಹಿಡಿದವರನ್ನೂ ಫೋನಿನಲ್ಲಿ ಆರ್ಡರ್ ಪಡೆದು ಕಾರಿನಲ್ಲಿ ಮಾಂಸ ತಲುಪಿಸುವವರನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ.

ಹಾಗೆಂದು ಉರುಳನ್ನು ಬಡವರ ಅಡುಗೆಯ ವಿಷಯ ಎಂದು ಬಿಟ್ಟುಬಿಡಲೂ ಆಗುವುದಿಲ್ಲ. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ಬೈಕ್ ಕೇಬಲ್ಲಿಗೆ ಚಿರತೆ, ಕರಡಿ, ಹುಲಿಯೂ ಬೀಳುತ್ತವೆ. 2020ರ ಮೇನಲ್ಲಿ ಕೇರಳದ ಪಾಲಕ್ಕಾಡ್ ಭಾಗದಲ್ಲಿ ಗರ್ಭಿಣಿ ಆನೆಯೊಂದು ನದಿಯಲ್ಲಿ ನಿಂತೇ ಪ್ರಾಣ ಬಿಟ್ಟದ್ದು ದೇಶವನ್ನೇ ಕಲಕಿತ್ತು. ಅದರ ಬಾಯಿ ಸಿಡಿಸಿದ ಸ್ಫೋಟಕವನ್ನು ಕಾಡುಹಂದಿಗಾಗಿ ಇಟ್ಟದ್ದು ಎಂಬುದೇ ತನಿಖೆಯಲ್ಲಿ ಕಂಡುಬಂದ ಸಂಗತಿ. ಅದೇ ಲಾಕ್‌ಡೌನ್ ಅವಧಿಯ ಬಗ್ಗೆ ಟ್ರಾಫಿಕ್ ಇಂಡಿಯಾ ಮಾಡಿದ ಅಧ್ಯಯನದಲ್ಲಿ ವರದಿಯಾದ ಬೇಟೆ ಪ್ರಕರಣಗಳು ಲಾಕ್‌ಡೌನ್‌ಗೆ ಮುಂಚಿನ ಆರು ವಾರಗಳಲ್ಲಿ 35 ಇದ್ದದ್ದು ಲಾಕ್‌ಡೌನಿನ ಆರು ವಾರಗಳಲ್ಲಿ 88ಕ್ಕೆ ಏರಿತ್ತು. ಜಿಂಕೆ ಜಾತಿಯಂಥ ಗೊರಸಿನ ಪ್ರಾಣಿಗಳ ಬೇಟೆಯ ಪಾಲು ಅದರಲ್ಲಿ ಶೇ 22ರಿಂದ 44ಕ್ಕೆ ಹೋಗಿತ್ತು.

ನಿಜವಾದ ವ್ಯಾಪಾರದ ಗಾತ್ರ ತಿಳಿಯಬೇಕಾದರೆ ಉತ್ತರದ ಆಮೆಗಳ ಕಡೆ ನೋಡಬೇಕು. 2017ರ ಜನವರಿಯಲ್ಲಿ ಉತ್ತರಪ್ರದೇಶದ ಅಮೇಥಿ ಜಿಲ್ಲೆಯ ಮನೆಯೊಂದರಲ್ಲಿ ಎಸ್‌ಟಿಎಫ್ ಪೊಲೀಸರು 6,430 ಜೀವಂತ ಆಮೆಗಳನ್ನು ಪತ್ತೆ ಮಾಡಿದರು. ತೂಕ ನಾಲ್ಕು ಟನ್‌ಗೂ ಹೆಚ್ಚು. ಗಂಗಾ ಬಯಲಿನ ಕೆರೆ, ಕಾಲುವೆಗಳಿಂದ ಹಿಡಿದ ಆಮೆಗಳು ಪಶ್ಚಿಮ ಬಂಗಾಳದ ಮಾಂಸದ ಮಾರುಕಟ್ಟೆಗೆ ಹೋಗುವ ದಾರಿ ಇದು. ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ನಡೆಸಿದ 'ಆಪರೇಷನ್ ಸೇವ್ ಕೂರ್ಮ'ದಲ್ಲಿ 15,739 ಆಮೆಗಳು ಸಿಕ್ಕವು, ಆರೋಪಿಗಳ ಸಂಖ್ಯೆ 45. ಇಂಥ ಕೇಸಿನಲ್ಲಿ ಪ್ರಾಣಿ ಯಾವುದು ಎಂಬ ಪ್ರಶ್ನೆ ಏಳುವುದಿಲ್ಲ, ಕಣ್ಣೆದುರೇ ಇರುತ್ತದೆ. ಏಳುವ ಪ್ರಶ್ನೆ ಬೇರೆ: ದುಡ್ಡು ಹಾಕಿದವರು ಯಾರು? ಚೀಲ ಹೊತ್ತವರಿಂದ ಮೇಲಕ್ಕೆ ಹೋಗಲು ಫೋನ್ ಕರೆಗಳ ವಿವರ, ಬ್ಯಾಂಕ್ ಖಾತೆ, ಯುಪಿಐ ಪಾವತಿ ನೋಡಬೇಕು. ವನ್ಯಜೀವಿ ಕಾಯ್ದೆಯ ಪ್ರಮುಖ ಅಪರಾಧಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪಟ್ಟಿಯಲ್ಲೂ ಇರುವುದರಿಂದ ಇ.ಡಿ.ಗೂ ಬಾಗಿಲು ತೆರೆದಿದೆ.

ಮಾಂಸ ಸಾಗಿಸುವವರು ನಿಜಕ್ಕೂ ಹೆದರುವುದು ಜೈಲಿಗಿಂತ ಗಾಡಿ ಹೋಗುತ್ತದೆಂಬುದಕ್ಕೆ ಎಂದು ಅರಣ್ಯ ಇಲಾಖೆಯಲ್ಲಿ ಮಾತಿದೆ. ಬಳಸಿದ ವಾಹನವೂ ಸರ್ಕಾರದ ಆಸ್ತಿ ಎಂದು ಸೆಕ್ಷನ್ 39 ಹೇಳುತ್ತದೆ. ಆದರೆ ಅಪರಾಧ ಸಾಬೀತಾಗುವ ಮೊದಲೇ, ಹಿಡಿದ ಕೂಡಲೇ ಅದು ಸರ್ಕಾರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಮಧ್ಯಪ್ರದೇಶ ಸರ್ಕಾರ ಮತ್ತು ಮಧುಕರ್ ರಾವ್ ಪ್ರಕರಣದಲ್ಲಿ ಹೇಳಿದೆ. ವಿಚಾರಣೆ ಬಾಕಿ ಇರುವಾಗ ಷರತ್ತಿನ ಮೇಲೆ ಗಾಡಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಸಾಮಾನ್ಯರೂ ದೂರು ಕೊಡಬಹುದೇ?

ಕೊಡಬಹುದು. ಮಾಹಿತಿ ಕೊಡುವುದಾದರೆ ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಬೇರೆ ರಾಜ್ಯಗಳಲ್ಲಿರುವವರಿಗೆ ಅಪರಾಧ ನಿಯಂತ್ರಣ ಬ್ಯೂರೊದ ಪ್ರಾದೇಶಿಕ ಕಚೇರಿಗಳು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಮತ್ತು ಜಬಲ್ಪುರದಲ್ಲಿವೆ. ಇಲಾಖೆ ಸುಮ್ಮನಿದೆ ಎನಿಸಿದರೆ ಸೆಕ್ಷನ್ 55ರಲ್ಲೇ ಇನ್ನೊಂದು ದಾರಿ ಇದೆ. ಆಪಾದಿತ ಅಪರಾಧವನ್ನೂ ತಾವು ದೂರು ಕೊಡಲಿರುವುದನ್ನೂ ತಿಳಿಸಿ ಯಾರು ಬೇಕಾದರೂ ಸರ್ಕಾರಕ್ಕೆ ಅಥವಾ ಅಧಿಕೃತ ಅಧಿಕಾರಿಗೆ ನೋಟಿಸ್ ಕೊಡಬಹುದು, 60 ದಿನ ಕಳೆದ ಮೇಲೆ ನೇರವಾಗಿ ಕೋರ್ಟಿಗೆ ದೂರು ಸಲ್ಲಿಸಬಹುದು. ಮಾಂಸದ ಕೇಸಿನಲ್ಲಿ ಇದರ ತೊಡಕು ಊಹಿಸುವುದು ಕಷ್ಟವಲ್ಲ. ಆ 60 ದಿನದಲ್ಲಿ ಮಾಂಸವೂ ಇರುವುದಿಲ್ಲ, ಪಾತ್ರೆಯನ್ನೂ ತೊಳೆದಿಟ್ಟಿರುತ್ತಾರೆ. ಹಾಗಾಗಿ ನೋಟಿಸ್ ಕೊಡುವವರ ಕೈಯಲ್ಲಿ ಅದಕ್ಕೂ ಮೊದಲೇ ದಿನಾಂಕ, ಜಾಗ, ಫೋಟೊ, ಬಿಲ್ಲು, ಮಾತನಾಡಲು ಒಪ್ಪುವ ಒಬ್ಬ ಸಾಕ್ಷಿ, ಇಷ್ಟಾದರೂ ಇರಬೇಕಾಗುತ್ತದೆ.